ಮೂಳೆ 300ಓ 206ಓ? ಶಾರೀರ ತರಗತಿಯ ನನ್ನ ಅನುಭವ

ಆಯುರ್ವೇದ ಪದವಿಯಾದ ಬಿಎಎಂಎಸ್‌ನ ಮೊದಲ ಹಂತದ ವಿದ್ಯಾರ್ಥಿಗಳಿಗೆ ನಾನು ರಚನಾ ಶಾರೀರ, ಅಂದರೆ ದೇಹದ ರಚನೆಯ ಪಾಠ ಮಾಡುತ್ತೇನೆ. ಪಿಯುಸಿಯಲ್ಲಿ ಬಯಾಲಜಿ ಓದಿ ಬಂದ ಮಕ್ಕಳಿಗೆ ದೇಹದಲ್ಲಿ 206 ಮೂಳೆ ಎಂಬುದು ಬಾಯಿಪಾಠ. ಆಯುರ್ವೇದದ ಪ್ರಾಚೀನ ಗ್ರಂಥ ಸುಶ್ರುತ ಸಂಹಿತೆ ತೆರೆದರೆ 300, ಚರಕ ಸಂಹಿತೆಯಲ್ಲಿ 360. ಇಲ್ಲಿಗೆ ತರಗತಿ ಎರಡು ಪಾಳಯವಾಗುತ್ತದೆ. ಹಿಂದಿನವರಿಗೆ ಎಣಿಸಲು ಬರಲಿಲ್ಲ ಎನ್ನುವವರು ಕೆಲವರು, ಋಷಿಗಳು ಕಂಡದ್ದು ನಮಗೆಲ್ಲಿ ಕಾಣಬೇಕು ಎನ್ನುವವರು ಕೆಲವರು. ಎರಡೂ ಮೂಳೆ ಮುಟ್ಟಿ ನೋಡದೆ ಆಡುವ ಮಾತು. ಅದಕ್ಕೇ ಬೋರ್ಡಿನ ಮೇಲೆ ಎರಡು ಕಾಲಂ ಎಳೆದು ಹೋಲಿಸುವ ರೂಢಿ ಬಿಟ್ಟೆ. ಬೋನ್ ಸೆಟ್ ಮೇಜಿನ ಮೇಲೆ ಹರಡಿ, ಸುಶ್ರುತಾಚಾರ್ಯರ ಲೆಕ್ಕದಲ್ಲೇ ಎಣಿಸಿ ಎನ್ನುತ್ತೇನೆ.

ಶುರು ಕಾಲಿನಿಂದ. ಬೆರಳಿಗೆ ಮೂರರಂತೆ 15, ಅಂಗಾಲು, ಕೂರ್ಚ (ಪಾದದೊಳಗಿನ ಮೂಳೆಗುಚ್ಛ), ಗುಲ್ಫಕ್ಕೆ (ಕಾಲಿನ ಹರಡು) ಸೇರಿ 10, ಹಿಮ್ಮಡಿಗೆ 1, ಜಂಘೆಗೆ (ಮೊಣಕಾಲ ಕೆಳಗಿನ ಕಾಲು) 2, ಮೊಣಕಾಲಿಗೆ 1, ತೊಡೆಗೆ 1. ಒಟ್ಟು 30. ಈಗ ಅನಾಟಮಿ ಪುಸ್ತಕದ ಲೆಕ್ಕ: ಬೆರಳಿನ ಫ್ಯಾಲಂಜಸ್ 14, ಬೆರಳುಗಳ ಹಿಂದಿನ ಉದ್ದ ಮೂಳೆ ಮೆಟಾಟಾರ್ಸಲ್ 5, ಹಿಮ್ಮಡಿಯೂ ಸೇರಿ ಪಾದದ ಹಿಂಭಾಗದ ಟಾರ್ಸಲ್ 7, ಕೆಳಗಾಲಿನ ಟಿಬಿಯಾ, ಫಿಬುಲಾ, ಮಂಡಿಚಿಪ್ಪು ಪಟೆಲ್ಲಾ, ತೊಡೆಯ ಫೀಮರ್. ಅದೂ 30! ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಅಷ್ಟರಲ್ಲಿ ಯಾರಾದರೂ ಹೆಬ್ಬೆರಳು ಹಿಡಿದು ಕೇಳುತ್ತಾರೆ, "ಮೇಡಂ, ಇದರಲ್ಲಿ ಎರಡೇ ಇದೆಯಲ್ಲ?"

ನನಗೆ ಬೇಕಾಗಿದ್ದ ಪ್ರಶ್ನೆಯೇ ಅದು. ಹೆಬ್ಬೆರಳಿನ ಹಿಂದಿನ ಮೆಟಾಟಾರ್ಸಲನ್ನು ಬೆರಳಿಗೇ ಸೇರಿಸಿ ನೋಡಿ ಎನ್ನುತ್ತೇನೆ. ಬೆರಳಿನವು 15 ಆಗುತ್ತವೆ. ಉಳಿದ ಮೆಟಾಟಾರ್ಸಲ್ 4, ಹಿಮ್ಮಡಿ ಬಿಟ್ಟರೆ ಟಾರ್ಸಲ್ 6, ಕೂಡಿದರೆ 10. ಲೆಕ್ಕ ಚೊಕ್ಕವಾಗಿ ಕೂಡುತ್ತದೆ. ಆದರೆ ಆಚಾರ್ಯರು ಹೀಗೇ ಎಣಿಸಿದರು ಎಂದು ಗ್ರಂಥದಲ್ಲಿಲ್ಲ. ಇದು ನಮ್ಮ ಊಹೆ ಎಂದೇ ರೆಕಾರ್ಡಿನಲ್ಲಿ ಬರೆಸುತ್ತೇನೆ. ಕೈಗೂ ಕಾಲಿನದೇ ಲೆಕ್ಕ ಎನ್ನುತ್ತದೆ ಸಂಹಿತೆ. ಮೊಣಕೈಯಲ್ಲಿ ಮಂಡಿಚಿಪ್ಪಿನಂಥ ಬಿಡಿ ಮೂಳೆ ಸಿಗುವುದಿಲ್ಲ. ಅಲ್ಲಿ ಹೊಂದುವುದಿಲ್ಲ, ಎಳೆದಾಡಿ ಹೊಂದಿಸಲೂಬಾರದು. ಸಮನ್ವಯದ ಹೆಸರಿನಲ್ಲಿ ಪ್ರತಿಯೊಂದಕ್ಕೂ ಜೋಡಿ ಹುಡುಕುವುದರಿಂದ ಎರಡು ಶಾಸ್ತ್ರಕ್ಕೂ ಅನ್ಯಾಯವಾಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ಉಳಿದ ಅಂತರ ಎಲ್ಲಿಂದ ಬಂತು? ಸುಶ್ರುತರು ಹಲ್ಲನ್ನೂ ತರುಣಾಸ್ಥಿಯನ್ನೂ, ಅಂದರೆ ಕಾರ್ಟಿಲೇಜನ್ನೂ, ಮೂಳೆಗೇ ಸೇರಿಸುತ್ತಾರೆ. ಚರಕದಲ್ಲಿ ಉಗುರೂ ಸೇರುತ್ತದೆ.

ಹಲ್ಲು, ಕಾರ್ಟಿಲೇಜು ಮೂಳೆ ಹೇಗಾಗುತ್ತದೆ ಎಂದು ಕೇಳಿದವರಿಗೆ ಸುಶ್ರುತ ಸಂಹಿತೆಯ ನಿದಾನಸ್ಥಾನ ಎಂಬ ಭಾಗದಿಂದ ಭಗ್ನ, ಅಂದರೆ ಮೂಳೆ ಮುರಿತದ ಪ್ರಕರಣ ಓದಿಸುತ್ತೇನೆ. ತರುಣಾಸ್ಥಿ ಬಾಗುತ್ತದೆ, ನಳಕ ಅಂದರೆ ಕೊಳವೆಯಂಥ ಉದ್ದ ಮೂಳೆ ಮುರಿಯುತ್ತದೆ, ಕಪಾಲ ಅಂದರೆ ತಲೆಬುರುಡೆಯಂಥ ಚಪ್ಪಟೆ ಮೂಳೆ ಒಡೆಯುತ್ತದೆ, ರುಚಕ ಅಂದರೆ ಹಲ್ಲು ಬಿರುಕು ಬಿಡುತ್ತದೆ. ಪೆಟ್ಟು ಬಿದ್ದಾಗ ಯಾವುದು ಹೇಗೆ ಹಾಳಾಗುತ್ತದೆ ಎಂದು ನೋಡುವ ಶಸ್ತ್ರವೈದ್ಯರ ವಿಂಗಡಣೆ ಇದು. ಆ ದಿನ ಮೂಗಿನ, ತಲೆಬುರುಡೆಯ, ಮುಂದೋಳಿನ ಎಕ್ಸ್‌ರೇ ಫಿಲ್ಮುಗಳನ್ನು ಲೈಟ್ ಬಾಕ್ಸಿಗೆ ಸಿಕ್ಕಿಸುತ್ತೇನೆ. ಮೂಗಿನ ತುದಿಯ ತರುಣಾಸ್ಥಿ ಫಿಲ್ಮಿನಲ್ಲಿ ಮೂಳೆಯಂತೆ ಕಾಣುವುದೇ ಇಲ್ಲ. ಅದನ್ನು ಬೆರಳಲ್ಲಿ ಮುಟ್ಟಿಯೇ ತಿಳಿಯಬೇಕು.

ಕೊನೆಗೆ ಮುರಿದ ಮೂಳೆಗೆ ಕಟ್ಟು ಕಟ್ಟುವ ಅಭ್ಯಾಸ. ಸಡಿಲ ಕಟ್ಟಿದರೆ ಸಂಧಿ ನೆಲೆ ನಿಲ್ಲುವುದಿಲ್ಲ, ಬಿಗಿಯಾದರೆ ಊತ, ನೋವು, ಕೀವು ಎಂದು ಸುಶ್ರುತರು ಎಚ್ಚರಿಸುತ್ತಾರೆ. ಚಳಿಗಾಲದಲ್ಲಿ 7 ದಿನಕ್ಕೊಮ್ಮೆ, ಸಾಧಾರಣ ಋತುವಿನಲ್ಲಿ 5, ಬೇಸಿಗೆಯಲ್ಲಿ 3 ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕಂತೆ. ಇದರ ಬೆನ್ನಿಗೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ವಿವರಿಸುತ್ತೇನೆ. ಊತದ ಒತ್ತಡಕ್ಕೆ ಸ್ನಾಯುವಿಗೆ ರಕ್ತ ಸಿಗದೆ ಕೆಲವೇ ಗಂಟೆಗಳಲ್ಲಿ ಅದು ಸಾಯಬಹುದು. ಅಲ್ಲಿ 3 ದಿನ ಕಾಯುವ ಮಾತೇ ಇಲ್ಲ. ಮಕ್ಕಳು ಒಬ್ಬರಿಗೊಬ್ಬರು ಕಟ್ಟು ಕಟ್ಟಿಕೊಂಡು ಉಗುರು ಒತ್ತಿ ಬಿಡುತ್ತಾರೆ. ಸುಮಾರು 2 ಸೆಕೆಂಡಿನೊಳಗೆ ಕೆಂಪು ಮರಳಬೇಕು. ಮರಳಿದರೂ ನೆಮ್ಮದಿ ಬೇಡ, ಏಕೆಂದರೆ ಈ ತೊಂದರೆಯಲ್ಲಿ ಉಗುರಿನ ಬಣ್ಣ, ನಾಡಿ ಎರಡೂ ಸರಿಯಿರಬಹುದು. ಬೆರಳು ಮೆಲ್ಲಗೆ ಚಾಚಿಸಿದಾಗ ರೋಗಿ ತಡೆಯಲಾರದೆ ಕೂಗಿದರೆ ಮೊದಲು ಕಟ್ಟು ಬಿಚ್ಚಬೇಕು, ಆ ಕ್ಷಣವೇ ಆರ್ಥೋ ಸರ್ಜನ್ನಿಗೆ ಕರೆ ಹೋಗಬೇಕು. ರೋಗಿಯೊಂದಿಗೆ ಕಳಿಸುವ ಚೀಟಿಯಲ್ಲಿ ಮೂಳೆಗಳಿಗೆ ಆ ಸರ್ಜನ್ ಓದುವ ಅನಾಟಮಿಯ ಹೆಸರುಗಳೇ ಇರಬೇಕು.