ಆಫೀಸು, ಮನೆ, ನಡುವೆ ವಾರಕ್ಕೆ ಏಳು ಗಂಟೆಯ ಕೋಚಿಂಗ್

ಸಂದರ್ಶನಕ್ಕೆ ತಯಾರಿ ಮಾಡಿಸುವುದು, ಕೆಲಸ ಬದಲಿಸುವವರಿಗೆ ದಾರಿ ಹೇಳುವುದು: ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಹತ್ತಾರು ವರ್ಷ ದುಡಿದವರು ಇಂಥ ಕೋಚಿಂಗ್ ಶುರು ಮಾಡುವುದು ಈಗ ಸಾಮಾನ್ಯ. ಹೆಚ್ಚಿನವರು ಮೊದಲು ಫೀಸು ಗೊತ್ತುಮಾಡುತ್ತಾರೆ, ಆಮೇಲೆ ಸಮಯ ಹುಡುಕುತ್ತಾರೆ. ಆ ಸಮಯ ಕೊನೆಗೆ ನಿದ್ದೆಯಿಂದಲೋ ಮಕ್ಕಳಿಂದಲೋ ಕಿತ್ತದ್ದಾಗಿರುತ್ತದೆ. ಲೆಕ್ಕ ಗಂಟೆಯಿಂದ ಶುರುವಾಗಲಿ.

ಮೊದಲು ನೇಮಕಾತಿ ಪತ್ರ ತೆಗೆದು ಓದಿ

ಮೂರು ಷರತ್ತು ಹುಡುಕಿ: ಹೊರಗಿನ ಕೆಲಸಕ್ಕೆ ನಿಷೇಧ, ಹಿತಾಸಕ್ತಿ ಸಂಘರ್ಷ, ಬೌದ್ಧಿಕ ಆಸ್ತಿ. ಮೂರನೆಯದನ್ನು ಬಹಳ ಜನ ಓದುವುದೇ ಇಲ್ಲ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ತಯಾರಿಸಿದ ಪಾಠದ ಸ್ಲೈಡು ಕಂಪನಿಯ ಸ್ವತ್ತು ಎಂದು ಅದರಲ್ಲೇ ಬರೆದಿರಬಹುದು. ಹಾಗಾಗಿ ಲ್ಯಾಪ್‌ಟಾಪ್, ಇಮೇಲ್, ಜೂಮ್ ಖಾತೆ ಎಲ್ಲವೂ ಸ್ವಂತದ್ದೇ ಇರಲಿ.

ಅನುಮತಿ ಬಾಯಿಮಾತಿನಲ್ಲಿ ಸಾಲದು. 2022ರಲ್ಲಿ ಮೂನ್‌ಲೈಟಿಂಗ್ (ಕೆಲಸದಲ್ಲಿದ್ದುಕೊಂಡೇ ಹೊರಗೆ ಇನ್ನೊಂದು ಕೆಲಸ ಮಾಡುವುದು) ವಿವಾದ ಎದ್ದಾಗ, ಹೊರಗಿನ ಬಿಡಿ ಕೆಲಸಕ್ಕೆ ಮ್ಯಾನೇಜರ್ ಮತ್ತು ಎಚ್‌ಆರ್ ಇಬ್ಬರ ಪೂರ್ವಾನುಮತಿ ಬೇಕೆಂದು ಇನ್ಫೋಸಿಸ್ ತನ್ನ ಉದ್ಯೋಗಿಗಳಿಗೆ ತಿಳಿಸಿತ್ತು. ನಿಮ್ಮ ಇಮೇಲ್‌ನಲ್ಲಿ ನಾಲ್ಕು ಅಂಶ ಇದ್ದರೆ ಸಾಕು: ಏನು ಕಲಿಸುತ್ತೀರಿ, ವಾರಕ್ಕೆ ಎಷ್ಟು ಗಂಟೆ, ಕಚೇರಿ ಸಮಯದ ಹೊರಗೆ ಮಾತ್ರ, ಕಂಪನಿಯ ಗ್ರಾಹಕರಿಗೂ ಪ್ರತಿಸ್ಪರ್ಧಿಗಳಿಗೂ ಸಂಬಂಧವಿಲ್ಲ. ಲಿಖಿತ ಉತ್ತರ ಬರುವವರೆಗೆ ಲಿಂಕ್ಡ್‌ಇನ್‌ನಲ್ಲಿ ಒಂದು ಸಾಲೂ ಹಾಕಬೇಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. ನಿಮ್ಮದೇ ಕಂಪನಿಗೆ ಅರ್ಜಿ ಹಾಕಿದವರಿಗೆ ದುಡ್ಡು ತಗೊಂಡು ತಯಾರಿ ಮಾಡಿಸುವುದು, ಫೀಸು ಕೊಟ್ಟವರನ್ನು ರೆಫರ್ ಮಾಡುವುದು, ಎರಡೂ ಕೂಡದು. ಇದರಿಂದ ಕೆಲಸ ಹೋಗುವುದಷ್ಟೇ ಅಲ್ಲ, ಆ ಹುಡುಗನ ಆಯ್ಕೆಯೂ ರದ್ದಾಗಬಹುದು.

168ರಿಂದ ಕಳೆಯಿರಿ

ವಾರಕ್ಕೆ 168 ಗಂಟೆ. ನಿದ್ದೆಗೆ 49, ಕಚೇರಿಗೆ 45, ವಾರದಲ್ಲಿ ಮೂರು ದಿನ ಆಫೀಸಿಗೆ ಹೋಗುವವರಿಗೆ ಟ್ರಾಫಿಕ್ಕಿಗೆ 6, ಅಡುಗೆ–ಸ್ನಾನ–ಸಂತೆ–ಮಕ್ಕಳ ಓದು ಎಲ್ಲ ಸೇರಿ 40. ಉಳಿದದ್ದು 28. ಅಷ್ಟನ್ನೂ ಕೋಚಿಂಗಿಗೆ ಬಳಿಯಬಾರದು. ಜ್ವರ, ನೆಂಟರು, ರಾತ್ರಿ ಬಂದ ಪ್ರೊಡಕ್ಷನ್ ಸಮಸ್ಯೆ ಎಲ್ಲವೂ ಇದರಲ್ಲೇ ಹಿಡಿಸಬೇಕು. ಕಾಲುಭಾಗ, ಅಂದರೆ 7 ಗಂಟೆ, ಕೋಚಿಂಗಿನ ಪಾಲು.

ಏಳು ಗಂಟೆಯಲ್ಲಿ ಎಷ್ಟು ಜನ? ಏಳು ಎಂದುಕೊಂಡರೆ ಅಲ್ಲೇ ಎಡವಿದಂತೆ. ಒಬ್ಬರಿಗೆ ಸೆಷನ್ 60 ನಿಮಿಷ, ಮುಂಚಿನ ತಯಾರಿ 20, ಮುಗಿದ ಮೇಲೆ ಟಿಪ್ಪಣಿ ಬರೆದು ಕಳಿಸಲು 15, ವಾರದ ವಾಟ್ಸ್ಆ್ಯಪ್ ಉತ್ತರಗಳಿಗೆ 10: ಒಟ್ಟು 105 ನಿಮಿಷ. 420 ನಿಮಿಷಕ್ಕೆ ಸರಿಯಾಗಿ ನಾಲ್ಕು ಜನ. ಐದನೆಯವರು ಬಂದರೆ ಹೆಸರು ಬರೆದುಕೊಂಡು ಕಾಯಲು ಹೇಳಿ.

ಫೀಸನ್ನೂ ಈ 105ರ ಮೇಲೇ ಕಟ್ಟಬೇಕು. ಸೆಷನ್ನಿಗೆ 1,500 ರೂಪಾಯಿ ಎಂದರೆ ಗಂಟೆಗೆ ನಿಜವಾಗಿ ದಕ್ಕುವುದು ಸುಮಾರು 857. ಶೇ 30ರ ತೆರಿಗೆ ಹಂತದಲ್ಲಿದ್ದು, ಪೂರ್ತಿ ಫೀಸಿನ ಮೇಲೆ ತೆರಿಗೆ ಬೀಳುತ್ತದೆಂದು ಹಿಡಿದರೆ, ಸೆಸ್ ಸೇರಿ ಶೇ 31.2 ಹೋಗಿ 590 ಉಳಿಯುತ್ತದೆ. ಅಷ್ಟಕ್ಕೆ ಶನಿವಾರದ ಒಂದು ಗಂಟೆ ಕೊಡಬಹುದೇ ಎಂದು ಮನೆಯಲ್ಲಿ ಕೂತು ಮಾತಾಡಿ.

ಗೋಡೆಯ ಕ್ಯಾಲೆಂಡರ್

ಫೋನಿನ ಕ್ಯಾಲೆಂಡರ್ ಒಬ್ಬರಿಗೇ ಕಾಣುತ್ತದೆ. ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯ ಕ್ಯಾಲೆಂಡರ್ ಎಲ್ಲರಿಗೂ ಕಾಣುತ್ತದೆ. ತಿಂಗಳ ಕೊನೆಯ ಭಾನುವಾರ ಮುಂದಿನ ತಿಂಗಳ ಹಾಳೆ ತೆರೆದಿಟ್ಟುಕೊಂಡು ಕೆಂಪು ಪೆನ್ನನ್ನು ಮೊದಲು ಹೆಂಡತಿಗೋ ಗಂಡನಿಗೋ ಕೊಡಿ. ಗೌರಿ–ಗಣೇಶ, ಮಗುವಿನ ಪರೀಕ್ಷೆ, ಅತ್ತೆಯ ಕಣ್ಣಿನ ತಪಾಸಣೆ ಎಲ್ಲ ಗುರುತಾಗಲಿ. ಆಮೇಲೆ ನೀಲಿ ಪೆನ್ನಿನಲ್ಲಿ ಆಫೀಸಿನ ರಿಲೀಸ್, ಆನ್‌ಕಾಲ್ ವಾರ (ಯಾವ ಹೊತ್ತಿನಲ್ಲಿ ಸಮಸ್ಯೆ ಬಂದರೂ ನೀವೇ ನೋಡಬೇಕಾದ ವಾರ), ಅಪ್ರೈಸಲ್. ಮಿಕ್ಕ ಬಿಳಿ ಜಾಗದಲ್ಲಿ ಮಾತ್ರ ಕೋಚಿಂಗ್. ಕೆಂಪು ಗುರುತಿನ ಮೇಲೆ ಸೆಷನ್ ಇಡುವಂತಿಲ್ಲ, ಆನ್‌ಕಾಲ್ ವಾರದಲ್ಲಿ ಸೆಷನ್ನೇ ಇಲ್ಲ.

ವಾರದ ರಾತ್ರಿ ಒಂಬತ್ತರ ಹೊತ್ತು ಅನುಕೂಲ ಅನ್ನಿಸುತ್ತದೆ, ಆದರೆ ಅದೇ ಮೊದಲು ಕೈಕೊಡುವುದು. ಅಮೆರಿಕದ ತಂಡದ ಕಾಲ್ ಆಗಲೇ ಬರುತ್ತದೆ, ಮಗು ಮಲಗುವುದೂ ಆಗಲೇ. ಶನಿವಾರ, ಭಾನುವಾರ ಬೆಳಿಗ್ಗೆ 7ರಿಂದ 9:30ರವರೆಗೆ, ನಡುವೆ ಅರ್ಧ ಗಂಟೆ ಬಿಟ್ಟು ಎರಡೆರಡು ಸೆಷನ್ ಹಿಡಿಸುತ್ತವೆ. ಕುಕ್ಕರಿನ ಸೀಟಿ ಮೈಕಿಗೆ ಕೇಳದ ಕೋಣೆ ಆರಿಸಿಕೊಳ್ಳಿ. ಇಲ್ಲದಿದ್ದರೆ ‘ಒಂದ್ ನಿಮಿಷ ಸುಮ್ನಿರೋ’ ಎಂದು ಮಗುವನ್ನು ಗದರುವುದು ಶುರುವಾಗುತ್ತದೆ. ಮೊದಲ ಎರಡು ತಿಂಗಳ ಗಳಿಕೆಯನ್ನು ಆ ಎರಡು ಬೆಳಿಗ್ಗೆಯ ತಿಂಡಿ, ಪಾತ್ರೆಗೆ ಸಹಾಯಕರನ್ನು ಇಟ್ಟುಕೊಳ್ಳಲು ಬಳಸಿ. ನಿಮ್ಮ ಬಿಡುವಿನ ಭಾರ ಸಂಗಾತಿಯ ತಲೆಗೆ ಬೀಳುವುದು ಅನ್ಯಾಯ.

ಕಲಿಯುವವರೊಂದಿಗೆ ಕರಾರು

ಪ್ರತ್ಯೇಕ ನಂಬರಿನಲ್ಲಿ ವಾಟ್ಸ್ಆ್ಯಪ್ ಬಿಸಿನೆಸ್ ಇಟ್ಟುಕೊಳ್ಳಿ. ಆರು ಸೆಷನ್ನಿನ ಪ್ಯಾಕೇಜ್, ಅರ್ಧ ಫೀಸು ಮುಂಗಡ. ಮೊದಲ ದಿನವೇ ಕಳಿಸಬೇಕಾದ ಸಂದೇಶ: ‘ಪ್ರಶ್ನೆ ಯಾವಾಗ ಬೇಕಾದರೂ ಕಳಿಸಿ, ಉತ್ತರ ಬುಧವಾರ ಮತ್ತು ಶನಿವಾರ ಬರುತ್ತದೆ. ಬರಲಾಗದಿದ್ದರೆ 24 ಗಂಟೆ ಮುಂಚೆ ತಿಳಿಸಿ, ಇಲ್ಲದಿದ್ದರೆ ಆ ಸೆಷನ್ ಮುಗಿದ ಲೆಕ್ಕ. ನಾನೇ ರದ್ದು ಮಾಡಿದರೆ ಒಂದು ಸೆಷನ್ ಹೆಚ್ಚುವರಿ.’ ಕೊನೆಯ ಸಾಲು ಇದ್ದರಷ್ಟೇ ಅದರ ಹಿಂದಿನದನ್ನು ಜನ ಒಪ್ಪುತ್ತಾರೆ.

ತೆರಿಗೆ

ಫೀಸಿಗೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಪ್ರತಿ 1,500 ಬಂದಾಗ 470 ರೂಪಾಯಿ ಪಕ್ಕಕ್ಕಿಡಿ. ಕೋಚಿಂಗ್ ಫೀಸಿನಂಥ ವ್ಯವಹಾರದ ಆದಾಯ ಇದ್ದವರು ಆದಾಯ ತೆರಿಗೆ ರಿಟರ್ನ್‌ನ ಐಟಿಆರ್–1 ನಮೂನೆ ಸಲ್ಲಿಸುವಂತಿಲ್ಲ. 3 ಅಥವಾ 4 ಬೇಕು. ಟಿಡಿಎಸ್ (ಸಂಬಳ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಕಳೆದ ಮೇಲೂ ವರ್ಷದ ತೆರಿಗೆ ಬಾಕಿ 10,000 ರೂಪಾಯಿ ಮುಟ್ಟಿದರೆ ಮುಂಗಡ ತೆರಿಗೆ ಕಟ್ಟಬೇಕು, ತಪ್ಪಿದರೆ ಬಡ್ಡಿ. ಜಿಎಸ್‌ಟಿ ನೋಂದಣಿ ಸೇವೆಗಳಿಗೆ ವರ್ಷಕ್ಕೆ 20 ಲಕ್ಷ ವಹಿವಾಟು ದಾಟಿದರೆ. ಸಂಬಳ ಆ ಲೆಕ್ಕಕ್ಕೆ ಬರುವುದಿಲ್ಲ.

ಹುಷಾರಾಗಿರಬೇಕಾದ್ದು ಹಳೆ–ಹೊಸ ತೆರಿಗೆ ಪದ್ಧತಿಯ ಆಯ್ಕೆಯಲ್ಲಿ. ಬರೀ ಸಂಬಳದವರು ಪ್ರತಿ ವರ್ಷ ಬದಲಿಸಬಹುದು. ವ್ಯವಹಾರದ ಆದಾಯ ಸೇರಿದ ಮೇಲೆ ಹಳೆಯದನ್ನು ಆರಿಸಿದರೆ, ಹೊಸದಕ್ಕೆ ಮರಳುವ ಅವಕಾಶ ಒಮ್ಮೆ ಮಾತ್ರ. ಗೃಹಸಾಲ ಇರುವವರು ಮೊದಲ ರಿಟರ್ನ್‌ಗೂ ಮುಂಚೆ ಲೆಕ್ಕಪರಿಶೋಧಕರನ್ನು ಕಾಣಿ.

ಮೂರು ತಿಂಗಳ ಮೇಲೆ

ಕ್ಯಾಲೆಂಡರಿನ ಹಳೆಯ ಹಾಳೆಗಳನ್ನು ತಿರುವಿ ಎಣಿಸಿ: ನೀವೇ ರದ್ದು ಮಾಡಿದ ಸೆಷನ್ ಎಷ್ಟು, ಕೆಂಪು ಗುರುತಿನ ಮೇಲೆ ಹೊಡೆದ ಗೀಟು ಎಷ್ಟು. ಒಂದೇ ತಿಂಗಳಲ್ಲಿ ಎರಡು ಗೀಟು ಕಂಡರೆ ಈಗಿನ ಪ್ಯಾಕೇಜ್ ಮುಗಿಯುತ್ತಲೇ ನಾಲ್ಕು ಜನ ಇದ್ದದ್ದನ್ನು ಮೂರಕ್ಕೆ ಇಳಿಸಿ.