ಡೆಕ್ ಕಟ್ಟುವ ಮುನ್ನ ನಕ್ಷೆಯಲ್ಲೇ ನೋಡಿಕೊಳ್ಳಿ

ಅಮೆರಿಕದಲ್ಲಿ ಮನೆಗೆ ಡೆಕ್ (ಮನೆಗೆ ತಾಗಿದ ಮರದ ತೆರೆದ ಜಗಲಿ) ಹಾಕಿಸುವವರು ನಕ್ಷೆ ತಂದರೆ, ಯಾವ ಮರ ಎನ್ನುವ ಮಾತು ಆಮೇಲೆ. ಮೊದಲು ಲೆಡ್ಜರ್ ಹಲಗೆ ಎಲ್ಲಿದೆ ತೋರಿಸಿ ಅನ್ನುತ್ತೇನೆ. ಡೆಕ್ಕನ್ನು ಮನೆಗೋಡೆಗೆ ಹಿಡಿದಿಡುವುದು ಅದೇ. ಬರೀ ಮೊಳೆ ಹೊಡೆದರೆ ಒಂದು ದಿನ ಕಿತ್ತು ಬರುತ್ತದೆ. ಅರ್ಧ ಇಂಚು ದಪ್ಪದ ಬೋಲ್ಟ್ ಅಥವಾ ಲ್ಯಾಗ್ ಸ್ಕ್ರೂ (ಮರಕ್ಕೆ ಹಾಕುವ ದಪ್ಪ ಸ್ಕ್ರೂ) ಬೇಕು, ಮೇಲೊಂದು ಕೆಳಗೊಂದರಂತೆ. ಲೆಡ್ಜರ್ ಮೇಲೆ ಫ್ಲ್ಯಾಶಿಂಗ್ (ನೀರು ತಡೆಯುವ ಪಟ್ಟಿ) ಇಲ್ಲದಿದ್ದರೆ ನೀರು ಹಿಂದೆ ಇಳಿದು ಗೋಡೆಯೊಳಗಿನ ಮರವೇ ಕೊಳೆಯುತ್ತದೆ.

ಅಡಿಪಾಯವು ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗಿರಲಿ. ಆ ಆಳ ಊರಿಂದೂರಿಗೆ ಬೇರೆ, ಸ್ಥಳೀಯ ಕಟ್ಟಡ ಇಲಾಖೆಯಲ್ಲೇ ಕೇಳಿ.

ಡೆಕ್ ನೆಲದಿಂದ 30 ಇಂಚಿಗಿಂತ ಎತ್ತರವಿದ್ದರೆ ಐಆರ್‌ಸಿ (ಮನೆ ಕಟ್ಟುವುದಕ್ಕಿರುವ ಮಾದರಿ ನಿಯಮಾವಳಿ) ಪ್ರಕಾರ ಕನಿಷ್ಠ 36 ಇಂಚಿನ ರೇಲಿಂಗ್ ಕಡ್ಡಾಯ. ಕಂಬಿಗಳ ಸಂದಿಯಲ್ಲಿ 4 ಇಂಚಿನ ಚೆಂಡು ತೂರಬಾರದು. ಮಗುವೊಂದು ನುಸುಳಿ ಬೀಳಬಾರದಲ್ಲ! ಇದರಲ್ಲಿ ನಾನು ಎಂದೂ ರಾಜಿಯಾಗುವುದಿಲ್ಲ.

ಪರ್ಮಿಟ್ ಸಿಕ್ಕ ಮೇಲೆಯೇ ಗುಂಡಿ ತೋಡಿಸಿ. ಕಾಂಕ್ರೀಟ್ ಸುರಿಯುವ ಮುಂಚೆ ಕಟ್ಟಡ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಆಳ ನೋಡಲಿ.