ಸಾಂಬ್ರಾ ವಿಮಾನಗಳ ಕಥೆ: ಯಾರ ಮಾತನ್ನು ಎಷ್ಟು ನಂಬಬೇಕು?

ಬೆಳಗಾವಿಯಿಂದ ಪೂರ್ವಕ್ಕೆ ಸುಮಾರು ಹತ್ತು ಕಿಲೋಮೀಟರ್ ಹೋದರೆ ಸಾಂಬ್ರಾ. ಈಗ ನಾವು ಅಲ್ಲಿ ಬೆಂಗಳೂರಿನ ವಿಮಾನ ಹತ್ತುತ್ತೇವೆ. ಪಕ್ಕದಲ್ಲೇ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆ ಇದೆ. ಇಲ್ಲಿ ಮೊದಲ ರನ್‌ವೇ ಕಟ್ಟಿಸಿದ್ದು ಬ್ರಿಟಿಷರ ರಾಯಲ್ ಏರ್‌ಫೋರ್ಸ್, 1942ರಲ್ಲಿ. ಮುಂದೆ 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಗೆ ಭಾರತೀಯ ವಾಯುಪಡೆ ಮುಖ್ಯವಾಗಿ ಎರಡು ನೆಲೆಗಳಲ್ಲಿ ವಿಮಾನಗಳನ್ನು ಸೇರಿಸಿತು. ಒಂದು ಪುಣೆ, ಇನ್ನೊಂದು ನಮ್ಮ ಸಾಂಬ್ರಾ.

ಇಷ್ಟೆಲ್ಲ ಮನೆ ಬಾಗಿಲಲ್ಲೇ ನಡೆದಿದ್ದರೂ ಕನ್ನಡದಲ್ಲಿ ಸರಿಯಾಗಿ ಬರೆದಿಟ್ಟದ್ದು ಕಡಿಮೆ. ಕಟ್ಟೆ ಮೇಲೆ ಕೂತು ಹೇಳುವವರು ಮಾತ್ರ ಜಾಸ್ತಿ. ನಾನು ವಾಯುಪಡೆಯಲ್ಲಿ ಎಂಜಿನ್ ಕೆಲಸ ಮಾಡಿ ನಿವೃತ್ತನಾದವನು. ಊರಿಗೆ ಬಂದ ಮೇಲೆ ಸಾಂಬ್ರಾ, ಮುತಗಾ, ಬಾಳೇಕುಂದ್ರಿ ಕಡೆಯ ಹಿರಿಯರ ನೆನಪುಗಳನ್ನು ಬರೆದುಕೊಳ್ಳುತ್ತಾ ಬಂದಿದ್ದೇನೆ. ಈ ಕೆಲಸದಲ್ಲಿ ಮಾತು ಸಿಗುವುದು ಕಷ್ಟವಲ್ಲ. ಸಿಕ್ಕ ಮಾತಿನಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ನೋಡುವುದೇ ಕಷ್ಟ. ಅದನ್ನು ನಾನು ಹೇಗೆ ಮಾಡುತ್ತೇನೆ ಎಂದು ಇಲ್ಲಿ ಹೇಳುತ್ತೇನೆ.

ಸಾಂಬ್ರಾದ ಒಬ್ಬ ಅಜ್ಜನ ಮಾತಿನಿಂದ ಶುರು ಮಾಡುತ್ತೇನೆ. ಗೋವಾ ಗದ್ದಲದಲ್ಲಿ ವಿಮಾನ ನೋಡಿದ್ದೆ ಎಂದು ಅವರು ಹೇಳಿದ್ದರು. ನನ್ನ ಜೊತೆ ಬಂದಿದ್ದ ಒಬ್ಬರು ಪಟ್ಟನೆ, "ಅವು ಮಿಗ್ 21 ಇರಬೇಕು ಬಿಡ್ರಿ" ಎಂದರು. ಮಿಗ್ 21 ನಮ್ಮ ವಾಯುಪಡೆಗೆ ಬಂದದ್ದೇ 1963ರಲ್ಲಿ. 1961ರಲ್ಲಿ ಅದು ಸಾಂಬ್ರಾದ ಮೇಲೆ ಹಾರಲು ಸಾಧ್ಯವೇ ಇಲ್ಲ. ನಾನು ಯಾವ ಹೆಸರನ್ನೂ ಹೇಳದೆ ಅಜ್ಜನನ್ನೇ ಕೇಳಿದೆ.

"ಅಜ್ಜಾರ, ನೋಡಾಕ ಹ್ಯಾಂಗಿತ್ತರಿ ವಿಮಾನ?"

"ಎರಡು ಬಾಲ ಇದ್ವು ನೋಡ್ರಿ ಸರ. ನಡುವ ಗಿಡ್ಡ ಹೊಟ್ಟಿ. ಹಿಂದ ಎರಡೂ ಬಾಲಕ್ಕ ಒಂದು ಪಟ್ಟಿ ಕೂಡಿಸಿದ್ರು."

ಎರಡು ಬಾಲ ಎಂದ ಕೂಡಲೇ ಹಿಗ್ಗಿ ಬರೆದುಕೊಳ್ಳುವ ಹಾಗಿಲ್ಲ. ಆಗ ವಾಯುಪಡೆಯಲ್ಲಿ ಅಂಥ ವಿಮಾನಗಳು ಎರಡು ಬಗೆಯವಿದ್ದವು. ಒಂದು ವ್ಯಾಂಪೈರ್, ಸಣ್ಣ ಜೆಟ್ ಫೈಟರ್. ಇನ್ನೊಂದು ಪ್ಯಾಕೆಟ್, ಸಾಮಾನು ಮತ್ತು ಸೈನಿಕರನ್ನು ಸಾಗಿಸುವ ದೊಡ್ಡ ವಿಮಾನ, ಎರಡು ಎಂಜಿನ್ ಇರುವುದು. ಹಾಗಾಗಿ ಮತ್ತೆ ಕೇಳಿದೆ: "ಮುಂದ ಪಂಖಾ ತಿರಗತಿತ್ತೇನ್ರಿ?"

"ಪಂಖಾ ಎಲ್ಲೀದ್ರಿ? ಬರೇ ಸೀಟಿ ಹೊಡದಂಗ ಸಪ್ಪಳ."

ಪಂಖಾ ಇಲ್ಲ, ಸೀಟಿಯ ಸದ್ದು, ಎರಡು ಬಾಲ. ಅದು ವ್ಯಾಂಪೈರ್. 1961ರಲ್ಲಿ ವಾಯುಪಡೆಯ 45ನೇ ಸ್ಕ್ವಾಡ್ರನ್ನಿನ ವ್ಯಾಂಪೈರ್‌ಗಳು ಗೋವಾ ವಲಯದ ಮೇಲೆ ಗಸ್ತು ಹಾರಿದ್ದು ದಾಖಲಾಗಿದೆ. ಅಜ್ಜನಿಗೆ ವ್ಯಾಂಪೈರ್ ಎಂಬ ಹೆಸರೇ ಗೊತ್ತಿರಲಿಲ್ಲ. ಅದಕ್ಕೇ ಅವರ ಮಾತಿಗೆ ನನ್ನ ಹತ್ತಿರ ತೂಕ ಹೆಚ್ಚು. ಹೆಸರು ಗೊತ್ತಿದ್ದವರು ಮೊದಲು ಹೆಸರು ಹೇಳುತ್ತಾರೆ, ಆಮೇಲೆ ಆ ಹೆಸರಿಗೆ ತಕ್ಕಂತೆ ನೆನಪನ್ನು ತಿದ್ದಿಕೊಳ್ಳುತ್ತಾರೆ. ಅದಕ್ಕಾಗಿ ನಾನು ಚಿತ್ರಗಳ ಪುಸ್ತಕವನ್ನು ಮೊದಲೇ ತೋರಿಸುವುದಿಲ್ಲ. ಆಕಾರ, ಸದ್ದು, ಎಷ್ಟು ಎತ್ತರದಲ್ಲಿ ಹೋಯಿತು, ಯಾವ ದಿಕ್ಕಿಗೆ ಹೋಯಿತು, ಇಷ್ಟನ್ನು ಕೇಳಿ ಮುಗಿಸಿದ ಮೇಲೆಯೇ ಚಿತ್ರ.

ವರ್ಷ ಹಿಡಿಯುವುದು ಇನ್ನೊಂದು ತೊಡಕು. ಹಿರಿಯರ ನೆನಪಿನಲ್ಲಿ 1961, 1965, 1971 ಮೂರೂ ಕಲೆತುಹೋಗಿರುತ್ತವೆ. ಇಸವಿ ಕೇಳಿದರೆ ಸುಮ್ನೆ ಯಾವುದೋ ಒಂದು ಹೇಳುತ್ತಾರೆ. ಹೊಲದ ಬಗ್ಗೆ ಕೇಳಿದರೆ ತಪ್ಪುವುದಿಲ್ಲ. 1965ರ ಯುದ್ಧ ಜೋರಾಗಿ ನಡೆದದ್ದು ಸೆಪ್ಟೆಂಬರಿನಲ್ಲಿ, ಮಳೆಗಾಲದಲ್ಲಿ. ಹಿಂಗಾರಿ ಜೋಳ ಎದೆಮಟ್ಟ ಇತ್ತು, ಬೆಳಿಗ್ಗೆ ಥಂಡಿ ಇತ್ತು ಎಂದರೆ 65 ಅಲ್ಲ ಎಂದು ಆಯಿತು. ಉಳಿದ ಎರಡೂ ಡಿಸೆಂಬರೇ, ಅವನ್ನು ಬೆಳೆಯಿಂದ ಬೇರೆ ಮಾಡಲಾಗುವುದಿಲ್ಲ. ಈ ಅಜ್ಜ ಹೇಳಿದ್ದು, "ನಾ ಆಗ ಮುಲ್ಕಿ ಓದ್ತಿದ್ನಿ". ನಮ್ಮ ಕಡೆ ಮುಲ್ಕಿ ಅಂದರೆ ಏಳನೇ ಇಯತ್ತೆ. ಅವರ ಟ್ರಂಕಿನಲ್ಲಿ ಶಾಲೆ ಬಿಟ್ಟ ಸರ್ಟಿಫಿಕೇಟ್ ಇತ್ತು. ಅದರಲ್ಲಿ ಏಳನೇ ಇಯತ್ತೆ ಮುಗಿಸಿದ್ದು 1962 ಎಂದಿತ್ತು. ಹೀಗೆ ವಾಯುಪಡೆಯ ಒಂದು ಫೈಲನ್ನೂ ಮುಟ್ಟದೆ ವಿಮಾನವೂ ಗೊತ್ತಾಯಿತು, ವರ್ಷವೂ ಗೊತ್ತಾಯಿತು.

ಇಲ್ಲಿ ಇನ್ನೊಂದು ಮಾತು. ಈ ಹಳ್ಳಿಗಳಲ್ಲಿ ಅನೇಕರು ಮರಾಠಿಯಲ್ಲೇ ನೆನಪು ಹೇಳುತ್ತಾರೆ. ಅದನ್ನು ನಾನು ಮರಾಠಿಯಲ್ಲೇ ಬರೆದುಕೊಳ್ಳುತ್ತೇನೆ. 1956ರವರೆಗೆ ಬೆಳಗಾವಿ ಮುಂಬೈ ರಾಜ್ಯದಲ್ಲಿತ್ತು. ಹಳೆಯ ಸರ್ಕಾರಿ ಕಾಗದ ಹುಡುಕುವವರು ಬೆಂಗಳೂರಿನ ಕಡೆಗಷ್ಟೇ ನೋಡಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ.

ಈಗ ಗೋವಾ ವಿಷಯಕ್ಕೆ ಬರೋಣ. ಇದರಷ್ಟು ರೆಕ್ಕೆಪುಕ್ಕ ಕಟ್ಟಿಕೊಂಡ ವಿಷಯ ನಮ್ಮ ಕಡೆ ಇನ್ನೊಂದಿಲ್ಲ. ಪೋರ್ಚುಗೀಸರ ಜೆಟ್‌ಗಳು ಬೆಳಗಾವಿ ಮೇಲೆ ಬಂದವು, ಸಾಂಬ್ರಾದಿಂದ ಎದ್ದ ನಮ್ಮ ವಿಮಾನಗಳು ಖಾನಾಪುರದ ಕಾಡಿನ ಮೇಲೆ ಅವನ್ನು ಅಟ್ಟಿಸಿಕೊಂಡು ಹೋದವು ಎಂದು ಆಣೆ ಮಾಡಿ ಹೇಳುವವರನ್ನು ನಾನು ಕಂಡಿದ್ದೇನೆ. ಗೋವಾದಲ್ಲಿ ಆಗ ಪೋರ್ಚುಗೀಸರ ಯುದ್ಧವಿಮಾನ ಒಂದೂ ಇರಲಿಲ್ಲ. ಗೋವಾದ ವಿಮಾನ ನಿಲ್ದಾಣವಾದ ದಾಬೋಳಿಯಲ್ಲಿ ನಿಂತಿದ್ದವು ಎರಡು ಸಾರಿಗೆ ವಿಮಾನಗಳು, ಒಂದು ಕಾನ್‌ಸ್ಟಲೇಶನ್, ಒಂದು ಸ್ಕೈಮಾಸ್ಟರ್.

ಹಾಗಾದರೆ ಜೆಟ್ ಕಥೆ ಎಲ್ಲಿಂದ ಬಂತು? ಇದನ್ನು ಹುಡುಕಿದಾಗ ಸಿಕ್ಕಿದ್ದು ನನಗೆ ಬಹಳ ಮುಖ್ಯ ಅನಿಸಿತು. ದಾಬೋಳಿಯಲ್ಲಿ ಎಫ್ 86 ಸೇಬರ್ ಜೆಟ್‌ಗಳ ಒಂದು ಸ್ಕ್ವಾಡ್ರನ್ ಇದೆ ಎಂದು ನಮ್ಮ ಕಡೆಯ ಗುಪ್ತಚರ ಮಾಹಿತಿಯೇ ಹೇಳಿತ್ತು. ಅದು ಸುಳ್ಳು ಎಂದು ಆಮೇಲೆ ತಿಳಿಯಿತು. ಅಂದರೆ ಕಟ್ಟೆ ಮೇಲಿನ ಮಾತಿಗೂ ಒಂದು ಕಾಗದದ ಬೇರಿತ್ತು. ಆ ಕಾಗದ ನಕಲಿಯಲ್ಲ, ಬರೆದವರು ಮೋಸಗಾರರೂ ಅಲ್ಲ. ಬರೆದ ದಿನ ಅವರಿಗೆ ದಾಬೋಳಿಯ ರನ್‌ವೇ ಕಾಣುತ್ತಿರಲಿಲ್ಲ, ಅಷ್ಟೇ. ದಾಖಲೆ ಇದೆ ಎಂದು ಯಾರಾದರೂ ಮೇಜು ಕುಟ್ಟಿದಾಗ ನಾನು ಕೇಳುವ ಪ್ರಶ್ನೆ ಇದೇ: ಇದನ್ನು ಬರೆದವನು ಬರೆಯುವಾಗ ಎಲ್ಲಿದ್ದ? ಅಲ್ಲಿಂದ ಅವನಿಗೆ ಏನು ಕಾಣುತ್ತಿತ್ತು? ಅಜ್ಜನಿಗೂ ಇದೇ ಪ್ರಶ್ನೆ, ಅಧಿಕಾರಿಗೂ ಇದೇ ಪ್ರಶ್ನೆ, ಪತ್ರಿಕೆಗೂ ಇದೇ ಪ್ರಶ್ನೆ.

ಬಾಂಬ್ ದಾಳಿಯ ವಿಷಯದಲ್ಲೂ ಹೀಗೇ. 1961ರ ಡಿಸೆಂಬರ್ 18ರಂದು 12 ಕ್ಯಾನ್‌ಬೆರಾ ವಿಮಾನಗಳು ದಾಬೋಳಿ ಮೇಲೆ ಮೊದಲ ದಾಳಿ ಮಾಡಿದವು. ಅವು ಸಾಂಬ್ರಾದಿಂದ ಹಾರಿದವು ಎಂದು ನಮ್ಮವರು ಅಭಿಮಾನದಿಂದ ಹೇಳುತ್ತಾರೆ. ಕ್ಯಾನ್‌ಬೆರಾಗಳು ಎದ್ದದ್ದು ಪುಣೆಯಿಂದ. ದಾಬೋಳಿ ನುಚ್ಚುನೂರಾಯಿತು ಎಂಬ ಮಾತೂ ಇದೆ. ಬಾಂಬ್ ಬಿದ್ದದ್ದು ರನ್‌ವೇ ಮೇಲೆ. ಟರ್ಮಿನಲ್ ಕಟ್ಟಡ ಉಳಿಸಬೇಕೆಂದು ನಮ್ಮ ಪೈಲಟ್‌ಗಳಿಗೆ ಮೊದಲೇ ಹೇಳಲಾಗಿತ್ತು. ಆ ರಾತ್ರಿ ಪೋರ್ಚುಗೀಸರು ಕೆಟ್ಟ ರನ್‌ವೇಯನ್ನು ಆದಷ್ಟು ಸರಿಮಾಡಿಕೊಂಡು ಆ ಎರಡೂ ಸಾರಿಗೆ ವಿಮಾನಗಳನ್ನು ಹಾರಿಸಿಕೊಂಡು ಹೋದರು. ಮಾರನೆಯ ದಿನ, 19ರಂದು, ಗೋವಾ ಶರಣಾಯಿತು. ಇಷ್ಟು ಹೇಳಿದರೆ ನಮ್ಮ ವಾಯುಪಡೆಯ ಮರ್ಯಾದೆ ಕಡಿಮೆಯಾಗುತ್ತದೆ ಎಂದು ಕೆಲವರು ನನ್ನ ಮೇಲೆ ಸಿಟ್ಟಾಗುತ್ತಾರೆ. ಕಟ್ಟಡ ಉಳಿಸಿ ರನ್‌ವೇ ಮಾತ್ರ ಹೊಡೆಯುವುದು ಎಷ್ಟು ಕಷ್ಟದ ಕೆಲಸ ಎಂದು ಬಲ್ಲವರಿಗೆ ಹಾಗೆ ಅನಿಸುವುದಿಲ್ಲ.

ಫೋಟೋಗಳದ್ದು ಬೇರೆಯೇ ಪಾಠ. ಟಿಳಕವಾಡಿಯ ಒಂದು ಮನೆಯ ಆಲ್ಬಂನಲ್ಲಿ ಕಪ್ಪುಬಿಳುಪಿನ ಒಂದು ಫೋಟೋ ಸಿಕ್ಕಿತು. ವಿಮಾನದ ಮುಂದೆ ಮೂವರು ಸಮವಸ್ತ್ರದಲ್ಲಿ ನಿಂತಿದ್ದಾರೆ. ಕೆಳಗೆ ಯಾರೋ ಬಾಲ್‌ಪೆನ್ನಿನಲ್ಲಿ "ಸ್ಪಿಟ್‌ಫೈರ್, ಸಾಂಬ್ರಾ, 1942" ಎಂದು ಬರೆದಿದ್ದರು. ನಾನು ಮೊದಲು ನೋಡಿದ್ದು ಮೂಗನ್ನು. ಸ್ಪಿಟ್‌ಫೈರಿನ ಎಂಜಿನ್ ಉದ್ದುದ್ದ ಕೂರುವ ವಿ ಆಕಾರದ್ದು, ದ್ರವದಿಂದ ತಂಪಾಗುವುದು. ಅದಕ್ಕೇ ಅದರ ಮೂಗು ಉದ್ದ, ಚೂಪು. ಈ ಫೋಟೋದಲ್ಲಿ ಮೂಗು ಗುಂಡಗೆ, ಒಳಗೆ ಸಿಲಿಂಡರುಗಳು ಸುತ್ತಲೂ ಜೋಡಿಸಿರುವುದು ಕಾಣುತ್ತಿತ್ತು. ಗಾಳಿಯಿಂದ ತಂಪಾಗುವ ರೇಡಿಯಲ್ ಎಂಜಿನ್. ಮೇಲೆ ಒಂದರ ಹಿಂದೆ ಒಂದು ಎರಡು ಸೀಟು, ಉದ್ದನೆಯ ಗಾಜಿನ ಮುಚ್ಚಳ. ಇದು ಹಾರ್ವರ್ಡ್, ತರಬೇತಿ ವಿಮಾನ. ಸ್ವಾತಂತ್ರ್ಯದ ನಂತರವೂ ನಮ್ಮ ವಾಯುಪಡೆ ಇದನ್ನು ಬಹಳ ಕಾಲ ಇಟ್ಟುಕೊಂಡಿತ್ತು.

ವರ್ಷಕ್ಕೆ ರೆಕ್ಕೆಯ ಮೇಲಿನ ವೃತ್ತದ ಗುರುತನ್ನು ನೋಡಿ ಎಂದು ಅನೇಕರು ಹೇಳುತ್ತಾರೆ. ಬಣ್ಣದ ಚಿತ್ರದಲ್ಲಿ ಸರಿ. ಕಪ್ಪುಬಿಳುಪಿನಲ್ಲಿ ಬ್ರಿಟಿಷರ ನೀಲಿ-ಬಿಳಿ-ಕೆಂಪಿಗೂ ನಮ್ಮ ಕೇಸರಿ-ಬಿಳಿ-ಹಸಿರಿಗೂ ವ್ಯತ್ಯಾಸ ಹೇಳುವುದು ಕಷ್ಟ, ಬೂದು ಬೂದು ಅಷ್ಟೇ. ನಾನು ಭೂತಗನ್ನಡಿ ಹಿಡಿದು ಟೋಪಿಯ ಬಿಲ್ಲೆ ನೋಡಿದೆ. ಬ್ರಿಟಿಷ್ ಕಿರೀಟ ಇರಲಿಲ್ಲ, ಅಶೋಕ ಸಿಂಹಗಳಿದ್ದವು. ಅಂದರೆ 1950ರ ನಂತರದ ಫೋಟೋ. ಹಿಂಬದಿಯಲ್ಲಿ ಬೆಳಗಾವಿ ಸ್ಟುಡಿಯೋ ಒಂದರ ಶಿಕ್ಕಾ ಇತ್ತು. ಅದರಿಂದ ಫೋಟೋ ಎಲ್ಲಿ ತೊಳೆಸಿದರು ಎಂದು ಗೊತ್ತಾಗುತ್ತದೆ, ಎಲ್ಲಿ ತೆಗೆದರು ಎಂದಲ್ಲ. ಹಾಗಾಗಿ ನನ್ನ ವಹಿಯಲ್ಲಿ "ಹಾರ್ವರ್ಡ್, 1950ರ ನಂತರ, ಬೆಳಗಾವಿಯಲ್ಲಿ ತೊಳೆಸಿದ್ದು" ಎಂದಷ್ಟೇ ಬರೆದೆ. ನೆಗೆಟಿವ್ ತಿರುಗಿಸಿ ಮುದ್ರಿಸಿರಬಹುದು ಎಂಬ ಅನುಮಾನ ಬಂದರೆ ಅಂಗಿ ನೋಡಬೇಕು. ಪೈಲಟ್‌ನ ರೆಕ್ಕೆಯ ಬಿಲ್ಲೆ ಎಡಗಡೆ ಜೇಬಿನ ಮೇಲೆ ಇರುತ್ತದೆ. ಬಲಗಡೆ ಕಂಡರೆ ಚಿತ್ರವೇ ಉಲ್ಟಾ.

ಗೇಟಿನ ಮುಂದೆ, ಸರ್ಕಲ್ಲಿನಲ್ಲಿ ನಿಲ್ಲಿಸಿದ ಹಳೆಯ ವಿಮಾನಗಳ ಮೇಲಿನ ಸಂಖ್ಯೆಯನ್ನೂ ಹಾಗೇ ಬರೆದುಕೊಳ್ಳಬೇಡಿ. ಬಣ್ಣ ಹೊಡೆಯುವಾಗ ಅವು ಬದಲಾಗುತ್ತವೆ. ಒಳಗಿನ ತಯಾರಕರ ತಗಡು ನೋಡಲು ಅನುಮತಿ ಸಿಕ್ಕರೆ ಅದೇ ಗಟ್ಟಿ.

ಸಮವಸ್ತ್ರ ಹಾಕಿದ್ದವರ ಮಾತು ಬಂದರೆ ಎಲ್ಲರೂ ಸುಮ್ಮನಾಗಿಬಿಡುತ್ತಾರೆ. ಇದು ನನ್ನದೇ ಬಳಗ, ಆದ್ದರಿಂದ ಬಿಚ್ಚಿ ಹೇಳುತ್ತೇನೆ. ನಾವು ನೆಲದ ಮೇಲೆ ಕೆಲಸ ಮಾಡಿದವರು. ವಿಮಾನ ಸರ್ವಿಸ್ ಮಾಡಿ ಫಾರಂ 700ರಲ್ಲಿ ಸಹಿ ಹಾಕುತ್ತೇವೆ. ಹಾರುವ ಮುಂಚೆ ಪೈಲಟ್ ಅದರಲ್ಲೇ ಸಹಿ ಹಾಕಿ ವಿಮಾನ ವಹಿಸಿಕೊಳ್ಳುತ್ತಾರೆ. ಯಾವ ವಿಮಾನ ಎಷ್ಟು ಗಂಟೆಗೆ ಹೋಯಿತು, ಯಾವುದು ಬರಲಿಲ್ಲ, ಬಂದದ್ದರ ಯಾವ ತಗಡಿನಲ್ಲಿ ತೂತಿತ್ತು, ಎಷ್ಟು ಗುಂಡು ಖಾಲಿಯಾಗಿತ್ತು, ಇದರಲ್ಲಿ ನಮ್ಮ ಮಾತು ಬಂಗಾರ. ಮೇಲೆ ಏನು ನಡೆಯಿತು ಎಂಬುದರಲ್ಲಿ ನಾವೂ ಕೇಳಿ ಹೇಳುವವರೇ. ಒಬ್ಬ ಹಿರಿಯ ಫಿಟ್ಟರ್ ನನಗೆ 1965ರ ಒಂದು ಇಡೀ ಕಾದಾಟವನ್ನು ಕೈಯಾಡಿಸಿ ತೋರಿಸಿದರು. ನಾನು ಗೌರವದಿಂದ ಕೇಳಿದೆ. ಬರೆದುಕೊಂಡದ್ದು ಮಾತ್ರ ಕೊನೆಯ ತುಣುಕು: ವಿಮಾನ ಇಳಿದ ಮೇಲೆ ಅವರೇ ಬಿಚ್ಚಿದ ಒಂದು ಪ್ಯಾನೆಲ್, ಅದರಲ್ಲಿದ್ದ ತೂತು.

ಪೈಲಟ್‌ಗಳು ಹೇಳಿದ್ದಾದರೂ ಪೂರ್ತಿಯೇ? ಮೇಲೆ ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಹೊಗೆ ಕಂಡ ವಿಮಾನ ಬಿದ್ದೇ ಹೋಯಿತು ಅನಿಸುವುದು ಸಹಜ. 1965ರ ಸೆಪ್ಟೆಂಬರ್ 3ರಂದು ನಮ್ಮ ಪೈಲಟ್ ಟ್ರೆವರ್ ಕೀಲರ್ ತಮ್ಮ ನ್ಯಾಟ್ ಫೈಟರ್‌ನಿಂದ ಪಾಕಿಸ್ತಾನದ ಒಂದು ಸೇಬರ್ ಹೊಡೆದರು. ಪಾಕಿಸ್ತಾನ ಹೇಳುವ ಪ್ರಕಾರ ಆ ಸೇಬರ್‌ಗೆ ಪೆಟ್ಟು ಬಿದ್ದದ್ದು ನಿಜ, ಆದರೆ ಅದರ ಪೈಲಟ್ ಹೇಗೋ ಹಿಂದಿರುಗಿ ಇಳಿದರು. ಆ ಕಡೆಯವರು ಒಂದು ನಿಮಿಷದೊಳಗೆ ನಮ್ಮ ಐದು ಹಂಟರ್ ವಿಮಾನ ಬೀಳಿಸಿದೆವು ಎಂದು ಹೇಳುವ, ಪಾಕಿಸ್ತಾನದ ವಾಯುನೆಲೆ ಸರ್ಗೋಧಾದ ಸೆಪ್ಟೆಂಬರ್ 7ರ ಕಥೆಗೂ ನಮ್ಮ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಹೊಡೆದವನ ಲೆಕ್ಕವನ್ನು ಕಳೆದುಕೊಂಡವನ ಲೆಕ್ಕದ ಪಕ್ಕ ಇಟ್ಟು ನೋಡಬೇಕು, ಬೇರೆ ದಾರಿಯಿಲ್ಲ.

ಹಾಗೆ ನೋಡುವುದರಿಂದ ನಮಗೇ ಲಾಭ. ಕೊಡಗಿನ ಅಜ್ಜಮಾಡ ದೇವಯ್ಯ ಅವರನ್ನು ನೆನೆದರೆ ಸಾಕು. ಅದೇ ಸೆಪ್ಟೆಂಬರ್ 7ರಂದು ನಮ್ಮ ಮಿಸ್ಟೇರ್ ಜೆಟ್ ವಿಮಾನಗಳು ಸರ್ಗೋಧಾ ಮೇಲೆ ದಾಳಿಗೆ ಹೋದವು. ಸ್ಕ್ವಾಡ್ರನ್ ಲೀಡರ್ ದೇವಯ್ಯ ಹಿಂದಿರುಗಲಿಲ್ಲ. ಅವರಿಗೆ ಏನಾಯಿತು ಎಂದು ನಮ್ಮ ಕಡೆ ಕಂಡವರು ಯಾರೂ ಇರಲಿಲ್ಲ. ಕಾಣೆಯಾದವರ ಪಟ್ಟಿಗೆ ಹೆಸರು ಸೇರಿತು. ಬಹಳ ವರ್ಷಗಳ ನಂತರ, ಪಾಕಿಸ್ತಾನದ ವಾಯುಪಡೆಯ ಬೆಂಬಲದಿಂದ ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕದಿಂದ ವಿಷಯ ಹೊರಬಿತ್ತು. ಪೆಟ್ಟು ತಿಂದಿದ್ದ ಮಿಸ್ಟೇರ್‌ನಲ್ಲೇ ದೇವಯ್ಯ ತಿರುಗಿಬಿದ್ದು, ತಮ್ಮದಕ್ಕಿಂತ ಸುಮಾರು ಎರಡು ಪಟ್ಟು ವೇಗದ ಎಫ್ 104 ಸ್ಟಾರ್‌ಫೈಟರ್ ಅನ್ನು ಕೆಡವಿದ್ದರು. ಅದರ ಪೈಲಟ್ ಅಮ್ಜದ್ ಹುಸೇನ್ ಹೊರಹಾರಿ ಬದುಕಿದರು. ದೇವಯ್ಯ ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ತಡವಾಗಿ. ಶತ್ರು ಕಡೆಯ ಪುಸ್ತಕ, ಅದರಲ್ಲೇನಿರುತ್ತೆ ಎಂದು ಎಲ್ಲರೂ ಅದನ್ನು ಬದಿಗಿಟ್ಟಿದ್ದರೆ ಆ ಕನ್ನಡನಾಡಿನ ಯೋಧನ ಸಾಹಸ ಇವತ್ತಿಗೂ ಕತ್ತಲಲ್ಲೇ ಇರುತ್ತಿತ್ತು. ಆ ಪುಸ್ತಕ ಬರೆಸಿದವರ ಉದ್ದೇಶ ಅವರನ್ನು ಹೊಗಳುವುದಾಗಿರಲಿಲ್ಲ. ತನಗೆ ಲಾಭವಿಲ್ಲದ ಮಾತನ್ನು ಒಬ್ಬ ಒಪ್ಪಿಕೊಂಡರೆ ಅದನ್ನು ನಾನು ಬಹಳ ಗಮನದಿಂದ ಓದುತ್ತೇನೆ.

ಬ್ರಿಟಿಷರ ಕಾಲದ ಸಾಂಬ್ರಾಕ್ಕೆ ದಾರಿ ಬೇರೆ. ರಾಯಲ್ ಏರ್‌ಫೋರ್ಸಿನ ಸ್ಕ್ವಾಡ್ರನ್ ಮತ್ತು ಸ್ಟೇಷನ್ ದಿನಚರಿಗಳು ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಏರ್ 27 ಮತ್ತು ಏರ್ 28 ಎಂಬ ಸಾಲುಗಳಲ್ಲಿ. ಹುಡುಕುವಾಗ ಊರಿನ ಹೆಸರು "ಬೆಲ್ಗಾಮ್" ಎಂದೇ ಇರುತ್ತದೆ. ಯುದ್ಧಕಾಲದಲ್ಲಿ ಇಂಥ ಕಡೆ ವಿಮಾನ ಬಿದ್ದು ಗೋರರು, ಅಂದರೆ ಬಿಳಿಯರು, ಸತ್ತರು ಎಂದು ಯಾರಾದರೂ ಹೇಳಿದರೆ ಪುಣೆ ಹತ್ತಿರದ ಖಡಕಿ ಯುದ್ಧ ಸಮಾಧಿಗಳ ಪಟ್ಟಿ ನೋಡುತ್ತೇನೆ. ಪಶ್ಚಿಮ ಮತ್ತು ಮಧ್ಯ ಭಾರತದ ಬೇರೆ ಬೇರೆ ಊರುಗಳ ಸಮಾಧಿಗಳನ್ನು ಅಲ್ಲಿಗೆ ತಂದಿದ್ದಾರೆ. ಹೆಸರು, ಘಟಕ, ಸತ್ತ ದಿನ ಎಲ್ಲ ಇರುತ್ತದೆ.

ನನ್ನ ವಹಿಯಲ್ಲಿ ಪ್ರತಿ ಮಾತಿನ ಎದುರು ಹೇಳಿದವರು ಯಾರು, ಆಗ ಅವರ ವಯಸ್ಸೆಷ್ಟು, ಎಲ್ಲಿ ನಿಂತಿದ್ದರು, ಸ್ವತಃ ಕಂಡದ್ದೋ ಕೇಳಿದ್ದೋ ಎಂದು ಬರೆಯುತ್ತೇನೆ. ತಾಳೆಯಾಗದ್ದನ್ನು ಹರಿದು ಬಿಸಾಡುವುದಿಲ್ಲ. ಖಾನಾಪುರದ ಮೇಲಿನ ಜೆಟ್ ಕಾದಾಟವೂ ವಹಿಯಲ್ಲಿದೆ, "ಕೇಳಿದ್ದು" ಎಂಬ ಸಾಲಿನಲ್ಲಿ. ಆ ದಿನಗಳಲ್ಲಿ ಜನ ಏನು ನಂಬಿದ್ದರು, ಎಷ್ಟು ಹೆದರಿದ್ದರು ಎನ್ನುವುದಕ್ಕೆ ಅದೂ ಸಾಕ್ಷಿ ಅಲ್ವಾ?

ಬೆಳಗಾವಿ ಸುತ್ತಲಿನವರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಟ್ರಂಕಿನಲ್ಲಿ ವಾಯುಪಡೆಯ ಹಳೆಯ ಫೋಟೋ, ಲಾಗ್‌ಬುಕ್, ಪತ್ರ ಇದ್ದರೆ ಅದರ ಮೇಲೆ ಏನೂ ಬರೆಯಬೇಡಿ. ಫ್ರೇಮಿಗೆ ಕೂರಿಸಲು ಅಂಚು ಕತ್ತರಿಸಬೇಡಿ. ಮುಂದೆ ಹಿಂದೆ ಎರಡೂ ಬದಿಯ ಚಿತ್ರ ತೆಗೆದಿಡಿ, ಅದು ಯಾರಿಂದ ಮನೆಗೆ ಬಂತು ಎಂದು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಈ ವಾರವೇ ಕೂತು ಕೇಳಿ, ವಿಮಾನದ ಹೆಸರನ್ನು ಮಾತ್ರ ನೀವು ಮೊದಲು ಹೇಳಬೇಡಿ.